ಎಚ್ಚರಿಕೆಯ ಪುಟ ಬಂದಾಗ ಮೊದಲು ತಾರೀಖು ನೋಡಿ

ಬೆಳಿಗ್ಗೆಯವರೆಗೂ ಸರಿಯಾಗಿದ್ದ ಮನೆಯ ಕಂಪ್ಯೂಟರ್, ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಹಠ ಹಿಡಿದು ಕೂರುತ್ತದೆ. ಬ್ಯಾಂಕಿನ ತಾಣ ತೆರೆಯುವುದಿಲ್ಲ, ಜಿಮೇಲ್ ತೆರೆಯುವುದಿಲ್ಲ, ದಿನವೂ ಓದುವ ಪತ್ರಿಕೆಯ ತಾಣವೂ ಇಲ್ಲ. ಎಲ್ಲಿಗೆ ಹೋದರೂ ಒಂದು ಕೆಂಪು ತ್ರಿಕೋನ, ಸಂಪರ್ಕ ಸುರಕ್ಷಿತವಾಗಿಲ್ಲ ಎಂಬ ಒಕ್ಕಣೆ. ಮನೆಯವರ ಮೊದಲ ಅನುಮಾನ ವೈರಸ್ ಮೇಲೆ, ಎರಡನೆಯದು ಇಂಟರ್‌ನೆಟ್ ಕೊಟ್ಟವರ ಮೇಲೆ. ಎಷ್ಟೋ ಸಲ ನಿಜವಾದ ಕಾರಣ ಪರದೆಯ ಕೆಳಗಿನ ಬಲಮೂಲೆಯಲ್ಲೇ ಕಾಣುತ್ತಿರುತ್ತದೆ. ಅಲ್ಲಿನ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ.

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಅದರ ಗಡಿಯಾರ ನಡೆಯುವುದು ಮದರ್‌ಬೋರ್ಡಿನ ಮೇಲಿರುವ ಒಂದು ನಾಣ್ಯದಾಕಾರದ ಸೆಲ್‌ನಿಂದ. ಸಾಮಾನ್ಯವಾಗಿ ಅದು ಸಿಆರ್2032 ಎಂಬ 3 ವೋಲ್ಟಿನ ಸೆಲ್. ಕೆಲವು ವರ್ಷಗಳ ಮೇಲೆ ಅದು ಬರಿದಾದಾಗ ಕರೆಂಟ್ ತಪ್ಪಿದ ಪ್ರತಿ ಸಲವೂ ಗಡಿಯಾರ ಕಾರ್ಖಾನೆಯಲ್ಲಿ ಕೂರಿಸಿದ್ದ ದಿನಕ್ಕೆ ಮರಳುತ್ತದೆ. ಸೆಲ್‌ಗೆ ನೂರು ರೂಪಾಯಿಯೂ ಆಗದು. ಡೆಸ್ಕ್‌ಟಾಪ್ ಆದರೆ ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಮನೆಯಲ್ಲೇ ಬದಲಿಸಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ವೈರ್ ಬೆಸೆದಿರುವುದುಂಟು, ಅಂಗಡಿಯವರ ಕೈಗೆ ಕೊಡುವುದೇ ಒಳ್ಳೆಯದು. ಹೊಸ ಸೆಲ್ ಹಾಕಿದ ಮೇಲೆ ತಾರೀಖು, ಗಂಟೆಗಳ ಜೊತೆ ಕಾಲವಲಯವೂ ಭಾರತದ್ದೇ, ಅಂದರೆ +5.30 ಇದೆಯೇ ಎಂದು ನೋಡಿ. ಅಮೆರಿಕದ ಕಾಲವಲಯವನ್ನು ಹಾಗೇ ಬಿಟ್ಟು ಮುಳ್ಳನ್ನು ಮಾತ್ರ ನಮ್ಮ ಗಂಟೆಗೆ ತಿರುಗಿಸಿದರೆ, ಹೊರಗೆ ಸರಿ ಕಂಡರೂ ಒಳಗಿನ ಲೆಕ್ಕದಲ್ಲಿ ಕಂಪ್ಯೂಟರ್ ಅರ್ಧ ದಿನ ಮುಂದಿರುತ್ತದೆ.

ತಾರೀಖಿಗೂ ಸುರಕ್ಷತೆಗೂ ಏನು ಸಂಬಂಧ? ನೀವು ಒಂದು ತಾಣದ ವಿಳಾಸ ಒತ್ತಿದ ಕೂಡಲೇ ಆ ತಾಣ ತನ್ನ ಸರ್ಟಿಫಿಕೇಟನ್ನು ಮುಂದಿಡುತ್ತದೆ. ಅದರಲ್ಲಿ ತಾಣದ ಹೆಸರು ಇರುತ್ತದೆ, ಎಂದಿನಿಂದ ಎಂದಿನವರೆಗೆ ಊರ್ಜಿತ ಎಂಬ ಅವಧಿ ಇರುತ್ತದೆ, ಅದನ್ನು ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತದೆ. ಆ ಸಂಸ್ಥೆಗೆ ಅದಕ್ಕಿಂತ ಮೇಲಿನವರ ಸಹಿ, ಅವರಿಗೆ ಇನ್ನೂ ಮೇಲಿನವರದು. ಊರಿಗೆ ಹೊಸದಾಗಿ ಹೆಣ್ಣು ಕೇಳಿ ಬಂದವರನ್ನು ಬಲ್ಲವರ ಬಾಯಿಂದ ವಿಚಾರಿಸಿ ನಂಬುವ ಹಾಗೆ, ಬ್ರೌಸರ್ ಈ ಸಹಿಗಳ ಸರಪಳಿ ಹಿಡಿದು ಮೇಲಕ್ಕೆ ಹೋಗಿ, ತನಗೆ ಮೊದಲೇ ಗೊತ್ತಿರುವ ಮೂಲ ಸಂಸ್ಥೆಗಳ ಪಟ್ಟಿಯಲ್ಲಿ ಯಾರಾದರೂ ಸಿಗುತ್ತಾರೆಯೇ ಎಂದು ನೋಡುತ್ತದೆ. ಹೆಸರು, ಅವಧಿ, ಸಹಿ ಇವುಗಳಲ್ಲಿ ಯಾವುದು ತಾಳೆಯಾಗದಿದ್ದರೂ ಅಡ್ಡ ನಿಲ್ಲುತ್ತದೆ. 2009ರಲ್ಲಿದ್ದೇನೆ ಎಂದು ನಂಬಿರುವ ಕಂಪ್ಯೂಟರ್‌ಗೆ ಈ ವರ್ಷ ಕೊಟ್ಟ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ.

2017ರಲ್ಲಿ ಕ್ರೋಮ್ ಬ್ರೌಸರ್‌ನ ಎಂಜಿನಿಯರ್‌ಗಳೂ ಕೆಲವು ಸಂಶೋಧಕರೂ ಸೇರಿ, ಬಳಕೆದಾರರು ಕಂಡ 30 ಕೋಟಿಗೂ ಹೆಚ್ಚು ಇಂಥ ದೋಷಗಳನ್ನು ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ತಾಣಗಳಲ್ಲಿರಲಿಲ್ಲ. ಬಳಸುವವರ ಉಪಕರಣದಲ್ಲೋ ಅವರ ಜಾಲದಲ್ಲೋ ಇತ್ತು. ಹಾಗಾಗಿ ಎಚ್ಚರಿಕೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ತೊಂದರೆ ಎಲ್ಲಿದೆ? ಇದನ್ನು ಪತ್ತೆ ಮಾಡಲು ತಾಂತ್ರಿಕ ಜ್ಞಾನ ಬೇಡ. ಬೇರೆ ನಾಲ್ಕು ತಾಣ ತೆರೆದು ನೋಡಿ. ಅದೇ ತಾಣವನ್ನು ಮನೆಯ ಇನ್ನೊಂದು ಫೋನಿನಲ್ಲಿ ನೋಡಿ. ಆಮೇಲೆ ಫೋನಿನ ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ನೋಡಿ. ಒಂದೇ ಯಂತ್ರದಲ್ಲಿ ಎಲ್ಲ ತಾಣಕ್ಕೂ ತಕರಾರಿದ್ದರೆ ತಪ್ಪು ಯಂತ್ರದ್ದು. ಎಲ್ಲ ಯಂತ್ರಗಳಲ್ಲೂ ಬಂದು, ಮೊಬೈಲ್ ಡೇಟಾಕ್ಕೆ ಹೋದ ಕೂಡಲೇ ಮಾಯವಾದರೆ ಮನೆಯ ಸಂಪರ್ಕದ್ದು. ಎಲ್ಲೆಡೆಯೂ ಒಂದೇ ತಾಣಕ್ಕೆ ಬರುತ್ತಿದ್ದರೆ ಆ ತಾಣದವರದ್ದು.

ಮನೆಯ ಸಂಪರ್ಕದ್ದು ಎಂದಾದರೆ ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದದ್ದು ರೀಚಾರ್ಜ್. ಪ್ಲಾನ್ ಮುಗಿದ ದಿನ ಕೆಲವು ಸಂಸ್ಥೆಗಳು ನೆಟ್ ಪೂರ್ತಿ ಕಡಿಯದೆ, ನೀವು ಯಾವ ತಾಣಕ್ಕೆ ಹೊರಟರೂ ತಮ್ಮ ಹಣ ಕಟ್ಟುವ ಪುಟಕ್ಕೆ ತಿರುಗಿಸುತ್ತವೆ. ಬ್ರೌಸರ್ ಕೇಳಿದ್ದು ಬ್ಯಾಂಕನ್ನು, ಉತ್ತರ ಕೊಟ್ಟವರು ಇನ್ಯಾರೋ. ಹೆಸರು ತಾಳೆಯಾಗದೆ ಎಚ್ಚರಿಕೆ ಬರುತ್ತದೆ. ಹೋಟೆಲ್, ವಿಮಾನ ನಿಲ್ದಾಣಗಳ ವೈಫೈಯಲ್ಲಿ ಲಾಗಿನ್ ಆಗುವ ಮುನ್ನ ಆಗುವುದೂ ಇದೇ. ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂಬ ತಾಣವನ್ನು ಇದಕ್ಕೆಂದೇ ಗೂಢಲಿಪಿಯಿಲ್ಲದೆ ಇಟ್ಟಿದ್ದಾರೆ. ಅದನ್ನು ತೆರೆದರೆ ಲಾಗಿನ್ ಅಥವಾ ರೀಚಾರ್ಜ್ ಪುಟ ತಾನಾಗಿ ಎದುರಾಗುತ್ತದೆ. ಇನ್ನೂ ಸುಲಭ, ಮೊಬೈಲ್ ಡೇಟಾದಲ್ಲಿ ಕಂಪನಿಯ ಆ್ಯಪ್ ತೆರೆದು ಬಾಕಿ ನೋಡುವುದು.

ಬಾಕಿಯೇನೂ ಇಲ್ಲದೆಯೂ ಇಡೀ ಮನೆಗೆ ಎಚ್ಚರಿಕೆ ಬರುತ್ತಿದ್ದರೆ ರೌಟರ್‌ ಕಡೆ ತಿರುಗಬೇಕು. ಅದರ ಪಾಸ್‌ವರ್ಡ್ ಇಂದಿಗೂ ‘ಅಡ್ಮಿನ್’ ಎಂದೇ ಇದ್ದರೆ, ಯಾರಾದರೂ ಒಳಹೊಕ್ಕು ಅದರ ಡಿಎನ್‌ಎಸ್ ವಿಳಾಸಗಳನ್ನು ಬದಲಿಸಿರಬಹುದು. ಹೆಸರನ್ನು ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆಯೇ ಕೈತಪ್ಪಿದರೆ ಬ್ಯಾಂಕಿನ ಹೆಸರು ಒತ್ತಿದವರು ಕಳ್ಳರ ಯಂತ್ರಕ್ಕೆ ಹೋಗುತ್ತಾರೆ. ಆಗ ತಡೆಯುವುದು ಈ ಎಚ್ಚರಿಕೆಯ ಪುಟ ಮಾತ್ರ. ರೌಟರನ್ನು ರೀಸೆಟ್ ಮಾಡಿ ಹೊಸ ಪಾಸ್‌ವರ್ಡ್ ಹಾಕುವುದು ಪರಿಹಾರ. ಆದರೆ ಫೈಬರ್ ಸಂಪರ್ಕದಲ್ಲಿ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚುವ ಮುನ್ನ ಕಂಪನಿಗೆ ಫೋನ್ ಮಾಡಿ. ಅದರೊಳಗಿನ ಪಿಪಿಪಿಒಇ, ಅಂದರೆ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋದರೆ ಅವರ ಹುಡುಗ ಮನೆಗೆ ಬರುವವರೆಗೂ ನೆಟ್ ಇರುವುದಿಲ್ಲ. ಅಂದಹಾಗೆ, 192.168.1.1 ಎಂದು ಒತ್ತಿ ರೌಟರ್‌ನ ಪುಟಕ್ಕೇ ಹೋದಾಗ ಬರುವ ಎಚ್ಚರಿಕೆಗೆ ಹೆದರಬೇಕಿಲ್ಲ. ರೌಟರ್ ತನ್ನ ಸರ್ಟಿಫಿಕೇಟ್‌ಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ನಿಮ್ಮದೇ ವೈಫೈಯಲ್ಲಿ, ನೀವೇ ಕೈಯಾರೆ ಬರೆದ ವಿಳಾಸವಾದರೆ ಮುಂದೆ ಹೋಗಬಹುದು.

ಹಳೆಯ ಯಂತ್ರಗಳ ಕಥೆ ಬೇರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರಿಂದ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ, ಕೋಟ್ಯಂತರ ತಾಣಗಳು ಅದನ್ನೇ ನೆಚ್ಚಿವೆ. ಹೊಸಬರಾಗಿದ್ದಾಗ ಅವರು ಆಸರೆ ಪಡೆದಿದ್ದ ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ತೀರಿತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದಿದ್ದ ಕಂಪ್ಯೂಟರ್, ಐಫೋನ್‌ಗಳಲ್ಲಿ ಅಂದು ಒಮ್ಮೆಲೇ ಅನೇಕ ತಾಣಗಳು ನಿಂತವು. 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಿಗಾಗಿ ಮಾಡಿದ್ದ ವಿಶೇಷ ಏರ್ಪಾಡೂ 2024ರಲ್ಲಿ ಮುಗಿಯಿತು. ಅಂಥ ಫೋನನ್ನೇ ಬಳಸುತ್ತಿದ್ದವರಿಗೆ ಆಮೇಲೂ ಕೆಲಕಾಲ ಫೈರ್‌ಫಾಕ್ಸ್ ಒಂದು ದಾರಿಯಾಗಿತ್ತು. ಅದು ನಂಬಿಕೆಯ ಪಟ್ಟಿಯನ್ನು ಫೋನಿನಿಂದ ಎರವಲು ಪಡೆಯದೆ ತನ್ನೊಳಗೇ ಇಟ್ಟುಕೊಂಡಿದೆ. ಹಣದ ವ್ಯವಹಾರವನ್ನು ಮಾತ್ರ ಆ ಫೋನಿನಲ್ಲಿ ಮಾಡಬಾರದು.

ಇನ್ನು ಆ್ಯಂಟಿವೈರಸ್. ಕೆಲವು ತಂತ್ರಾಂಶಗಳು ಸುರಕ್ಷಿತ ಸಂಪರ್ಕದೊಳಗೂ ಇಣುಕಲೆಂದು ನಡುವೆ ನಿಂತು, ತಾಣದ ಸರ್ಟಿಫಿಕೇಟ್ ಬದಲಿಗೆ ತಮ್ಮದನ್ನು ತೋರಿಸುತ್ತವೆ. ವಿಳಾಸದ ಪಕ್ಕದ ಗುರುತು ಒತ್ತಿ ಸರ್ಟಿಫಿಕೇಟ್ ತೆರೆದು, ಕೊಟ್ಟವರು ಯಾರು ಎಂಬಲ್ಲಿ ಆ್ಯಂಟಿವೈರಸ್‌ನ ಹೆಸರಿದ್ದರೆ ಗುಟ್ಟು ಅಲ್ಲೇ ಸಿಕ್ಕಿತು. ಹೀಗೆ ನಡುವೆ ನಿಲ್ಲುವುದು ಎಷ್ಟು ಅಪಾಯ ಎನ್ನುವುದು 2015ರಲ್ಲಿ ಗೊತ್ತಾಯಿತು. ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತಿಗಾಗಿ ಹಾಕಿಕೊಟ್ಟಿದ್ದ ‘ಸೂಪರ್‌ಫಿಶ್’ ಎಲ್ಲ ಯಂತ್ರಗಳಲ್ಲೂ ಒಂದೇ ಬೀಗದ ಕೈ ಬಳಸುತ್ತಿತ್ತು. ಒಂದರ ಕೈ ಸಿಕ್ಕಿದವರಿಗೆ ಎಲ್ಲದರ ಬಾಗಿಲೂ ತೆರೆಯುವಂತಿತ್ತು.

ಇಷ್ಟೆಲ್ಲ ಸಾಧಾರಣ ಕಾರಣಗಳಿವೆ ಎಂದ ಮಾತ್ರಕ್ಕೆ ‘ಅಡ್ವಾನ್ಸ್ಡ್’ ಒತ್ತಿ ನುಗ್ಗುವುದನ್ನು ರೂಢಿ ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ. 2011ರ ಆಗಸ್ಟ್‌ನಲ್ಲಿ ಇರಾನಿನ ಬಳಕೆದಾರರೊಬ್ಬರು ಜಿಮೇಲ್ ತೆರೆಯುವಾಗ ಕ್ರೋಮ್ ಎಚ್ಚರಿಕೆ ಕೊಟ್ಟಿತು. ಅವರು ಅದನ್ನು ಕಡೆಗಣಿಸದೆ ಗೂಗಲ್‌ಗೆ ಕಾಣುವಂತೆ ಬರೆದು ಕೇಳಿದರು. ತನಿಖೆಯಲ್ಲಿ ತಿಳಿದದ್ದು: ನೆದರ್ಲೆಂಡ್ಸ್‌ನ ಡಿಜಿನೋಟಾರ್ ಎಂಬ ಸರ್ಟಿಫಿಕೇಟ್ ಸಂಸ್ಥೆಗೆ ಕನ್ನ ಹಾಕಿ, ಗೂಗಲ್ ಹೆಸರಿನಲ್ಲೂ ನಕಲಿ ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಅದರ ಜಾಲಕ್ಕೆ ಬಿದ್ದ ಸುಮಾರು 3 ಲಕ್ಷ ಐಪಿ ವಿಳಾಸಗಳಲ್ಲಿ ಬಹುಪಾಲು ಇರಾನಿನವು. ಪ್ರಮುಖ ಬ್ರೌಸರ್‌ಗಳೆಲ್ಲ ಡಿಜಿನೋಟಾರನ್ನು ಪಟ್ಟಿಯಿಂದ ತೆಗೆದವು, ಮರುತಿಂಗಳೇ ಅದು ದಿವಾಳಿಯಾಯಿತು. ನಮ್ಮಲ್ಲೂ 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ವ್ಯವಸ್ಥೆಯಿಂದ ಗೂಗಲ್ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿದ್ದವು. ಅದರ ಪರಿಣಾಮವಾಗಿ ಭಾರತ ಸರ್ಕಾರದ ಮೂಲ ಸಹಿಯನ್ನು ಕ್ರೋಮ್ ಕೆಲವೇ ಭಾರತೀಯ ತಾಣಗಳಿಗೆ ಸೀಮಿತಗೊಳಿಸಿತು.

ಜಿಮೇಲ್‌ನಂಥ ಎಷ್ಟೋ ತಾಣಗಳಲ್ಲಿ ಮುಂದುವರಿಯುವ ಗುಂಡಿಯೇ ಕಾಣಿಸುವುದಿಲ್ಲ, ತಾಣದವರೇ ಅದನ್ನು ಬೇಡವೆಂದಿರುತ್ತಾರೆ. ಅದನ್ನು ದಾಟುವ ಉಪಾಯ ಹುಡುಕಬೇಡಿ, ಕಾರಣ ಹುಡುಕಿ. ಎಚ್ಚರಿಕೆ ಬಾರದ ತಾಣವೆಲ್ಲ ಪ್ರಾಮಾಣಿಕ ಎಂದೂ ತಿಳಿಯಬಾರದು. ಕರೆಂಟ್ ಬಿಲ್ ಬಾಕಿ ಎಂದು ಹೆದರಿಸುವ ನಕಲಿ ತಾಣಕ್ಕೂ ಅದರ ಸ್ವಂತ ಹೆಸರಿಗೆ ಸರ್ಟಿಫಿಕೇಟ್ ಸಿಗುತ್ತದೆ. ಹಾಗಾಗಿ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಬೇಕು. ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಹೇಳಿದ್ದು ಈ ಓದನ್ನು ಸುಲಭ ಮಾಡಲೆಂದೇ.

ತಪ್ಪು ತಾಣದವರದ್ದೇ ಆದಾಗ ಮನೆಯಲ್ಲಿ ಕೂತವರು ಮಾಡಬಹುದಾದದ್ದು ಕಡಿಮೆ. ಸರ್ಟಿಫಿಕೇಟ್ ನವೀಕರಿಸಲು ಮರೆತವರು ಅವರು. ಅರ್ಜಿಯ ಕೊನೆಯ ದಿನದಂದೇ ಹೀಗಾದರೆ, ಎಚ್ಚರಿಕೆಯನ್ನು ದಾಟಿ ಆಧಾರ್ ಸಂಖ್ಯೆ ತುಂಬಬೇಕೋ ಅವಕಾಶ ಬಿಡಬೇಕೋ ಎಂಬ ಇಕ್ಕಟ್ಟಿಗೆ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ‘ಏನೂ ಆಗಲ್ಲ, ಮುಂದುವರಿಯಿರಿ’ ಎಂದು ಹೇಳಿಕೊಡುವ ಕಚೇರಿ, ನಾಳೆ ಕಳ್ಳರ ಪುಟದಲ್ಲೂ ಅದೇ ಗುಂಡಿ ಒತ್ತಲು ಜನರನ್ನು ತರಬೇತು ಮಾಡುತ್ತಿದೆ. ಅಂಥ ದಿನ ಗಡುವು ಮುಂದೂಡುವುದು ಕಚೇರಿಯ ಕರ್ತವ್ಯ. ನೆನಪನ್ನು ಇನ್ನು ನೆಚ್ಚುವಂತೆಯೂ ಇಲ್ಲ. ಹೊಸ ನಿಯಮದಂತೆ ಸರ್ಟಿಫಿಕೇಟ್‌ಗಳ ಗರಿಷ್ಠ ಆಯಸ್ಸು ಹಂತಹಂತವಾಗಿ ಇಳಿದು 2029ರ ಮಾರ್ಚ್‌ನಿಂದ 47 ದಿನಗಳಾಗಲಿದೆ. ಕೈಯಿಂದ ನವೀಕರಿಸುವ ಕಚೇರಿಗಳು ಅಷ್ಟರೊಳಗೆ ತಾನಾಗಿ ನವೀಕರಣವಾಗುವ ವ್ಯವಸ್ಥೆಗೆ ಬರಲೇಬೇಕು.

ಅಲ್ಲಿಯವರೆಗೆ, ತಾಣದವರಿಗೆ ದೂರು ಕೊಡುವಾಗ ‘ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಪುಟದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರುವ ದೋಷದ ಹೆಸರು, ಸರ್ಟಿಫಿಕೇಟ್ ಮುಗಿದ ತಾರೀಖು, ಮೊಬೈಲ್ ಡೇಟಾದಲ್ಲೂ ಹೀಗೇ ಬಂತು ಎಂಬ ಮಾತು, ಜೊತೆಗೊಂದು ಸ್ಕ್ರೀನ್‌ಶಾಟ್ ಕಳಿಸಿ. ಇಷ್ಟಿದ್ದರೆ ಅವರು ನಿಮ್ಮ ಕಂಪ್ಯೂಟರನ್ನು ದೂರುವ ಹಾಗಿಲ್ಲ.