ಕಾಸು ಮುಟ್ಟದ ಚಂದಾ

ಕುರ್ಚಿಯ ಮುಂದಿನ ಎರಡು ಕಾಲಿಗೆ ಅಡ್ಡಲಾಗಿ ಒಂದು ದಪ್ಪ ರಬ್ಬರ್ ಪಟ್ಟಿ ಬಿಗಿದಿದ್ದರು. ಕೂತಲ್ಲಿ ಕೂರಲಾಗದ ಹುಡುಗರು ಪಾಠ ಕೇಳುತ್ತಲೇ ಅದನ್ನು ಒದೆಯುತ್ತಾ ಇರಬಹುದಂತೆ. ಕಾಲಿಗೊಂದು ಕೆಲಸ ಸಿಕ್ಕಿದರೆ ತಲೆ ಬೋರ್ಡಿನ ಕಡೆ ಇರುತ್ತದಂತೆ. ನ್ಯೂಜೆರ್ಸಿಯ ಸರ್ಕಾರಿ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ ಹೇಳುವ ನನ್ನ ಅಕ್ಕನ ಮಗಳು ಇದನ್ನು ತೋರಿಸಿದಾಗ, ನಮ್ಮ ಮೇಷ್ಟ್ರಿಗೆ ಈ ಉಪಾಯ ಗೊತ್ತಿದ್ದರೆ ನನ್ನ ಬೆರಳ ಗೆಣ್ಣು ಉಳಿಯುತ್ತಿತ್ತಲ್ಲ ಅನ್ನಿಸಿತು. ಆ ಪುಟ್ಟ ಕುರ್ಚಿಯಲ್ಲಿ ಹೇಗೋ ತೂರಿಕೊಂಡು ಕೂತು ಒದ್ದೂ ನೋಡಿದೆ. ಹಿತವಾಗಿಯೇ ಇತ್ತು.

“ಇಂಥದ್ದಕ್ಕೂ ಸರ್ಕಾರ ದುಡ್ಡು ಕೊಡುತ್ತಾ?” ಅಂದೆ.

“ಯಾವ ಸರ್ಕಾರ ಮಾವ? ಇದನ್ನ ಕೊಡಿಸಿದ್ದು ಓಹಿಯೋದ ಯಾರೋ ಅಜ್ಜಿ. ನಾನು ಅವರ ಮುಖ ಕೂಡ ನೋಡಿಲ್ಲ.”

ಅಂಥ ಅಜ್ಜಿಯರನ್ನು ಹುಡುಕಿಕೊಡುವ ಜಾಲತಾಣದ ಹೆಸರು ಡೋನರ್ಸ್‌ಚೂಸ್. ಆನ್‌ಲೈನ್ ದೇಣಿಗೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಐಸಿಯು ಹಾಸಿಗೆ, ಮೂಗಿಗೆ ಹಾಕಿದ ನಳಿಗೆ, ಅದರ ಕೆಳಗೆ ಲಕ್ಷಗಳ ಲೆಕ್ಕ. ಇಲ್ಲಿ ಕೇಳುವವರು ಶಾಲಾ ಶಿಕ್ಷಕರು. ಅವರು ಕೇಳುವುದು ಪೆನ್ಸಿಲ್, ಗೋಂದು, ಕಥೆ ಪುಸ್ತಕ, ಕೂತು ಓದಲು ಜಮಖಾನ, ಮೂಗು ಒರೆಸುವ ಟಿಶ್ಯೂ. ಆಗಸ್ಟ್ ತಿಂಗಳು, ಶಾಲೆ ಇನ್ನೂ ತೆರೆದಿರಲಿಲ್ಲ. ತರಗತಿ ಸಿಂಗರಿಸುವುದನ್ನು ಅರ್ಧಕ್ಕೆ ಬಿಟ್ಟು ಹುಡುಗಿ ಲ್ಯಾಪ್‌ಟಾಪ್ ತೆಗೆದಳು, ಮುಂದಿನ ಕೋರಿಕೆ ಬರೆಯಲು. ನಾನು ಪಕ್ಕದಲ್ಲಿ ಕೂತೆ.

ಮೊದಲ ಕೆಲಸ ಸಾಮಾನು ಆರಿಸುವುದು. ತಾಣದ ಒಳಗೇ ಅಂಗಡಿಗಳಿವೆ. ಬೇಕಾದ್ದನ್ನು ಬುಟ್ಟಿಗೆ ಹಾಕಿದರೆ ಬೆಲೆ, ಸಾಗಣೆ ವೆಚ್ಚ ಎಲ್ಲ ಸೇರಿ ಮೊತ್ತ ಬರುತ್ತದೆ. ಅಂದಾಜು, ಸುಮಾರು ಎಂಬ ಮಾತೇ ಇಲ್ಲ. ಆಮೇಲೆ ಒಂದು ಶೀರ್ಷಿಕೆ, ಒಂದು ಫೋಟೊ (ಮಕ್ಕಳ ಮುಖ ಕಾಣುವುದಾದರೆ ಪೋಷಕರ ಒಪ್ಪಿಗೆ ಬೇಕು), ನನ್ನ ಮಕ್ಕಳು ಎಂಥವರು, ಈ ಸಾಮಾನು ಬಂದರೆ ಏನು ಮಾಡುತ್ತಾರೆ ಎಂದು ಒಂದಿಷ್ಟು ಬರಹ. ಅಲ್ಲಿ ನಾನು ಬಾಯಿ ಹಾಕಿದೆ. “ಬಡ ಮಕ್ಕಳು ಅಂತ ಬರಿ, ಜನ ಕರಗ್ತಾರೆ.”

“ಬರೆಯಲ್ಲ ಮಾವ. ಇದನ್ನ ಅವರ ಅಪ್ಪ ಅಮ್ಮನೂ ಓದ್ತಾರೆ.”

ನಾನು ತೆಪ್ಪಗಾದೆ. ಅವಳು ಬರೆದದ್ದು ಇಷ್ಟು: ನನ್ನ ಮಕ್ಕಳು ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದಿಲ್ಲ, ಅವರ ಪ್ರಶ್ನೆಗಳಿಗೆ ಸಾಕಾಗುವಷ್ಟು ಪುಸ್ತಕ ನನ್ನ ಕಪಾಟಿನಲ್ಲಿಲ್ಲ.

ಸಲ್ಲಿಸಿದ ಕೋರಿಕೆಯನ್ನು ಸಂಸ್ಥೆಯ ಕಡೆಯವರು ಪರಿಶೀಲಿಸಿ ಪ್ರಕಟಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ತಿಂಗಳ ಗಡುವು. ಅಷ್ಟರಲ್ಲಿ ಪೂರ್ತಿ ಹಣ ಕೂಡದಿದ್ದರೆ ಕೊಟ್ಟವರ ದುಡ್ಡು ಅವರ ಖಾತೆಗೇ ಜಮೆಯಾಗಿ ಮರಳುತ್ತದೆ, ಬೇರೆ ತರಗತಿಗೆ ಕೊಡಬಹುದು. ಕೂಡಿತೋ, ಸಂಸ್ಥೆಯೇ ಸಾಮಾನು ಕೊಂಡು ಶಾಲೆಯ ವಿಳಾಸಕ್ಕೆ ಕಳಿಸುತ್ತದೆ. ಶಿಕ್ಷಕರ ಕೈಗೆ ಒಂದು ಡಾಲರೂ ಬರುವುದಿಲ್ಲ. ಬಂದ ಸಾಮಾನಿನ ಫೋಟೊ, ಕೃತಜ್ಞತೆಯ ನಾಲ್ಕು ಸಾಲು, ಖರ್ಚಿನ ಬಾಬ್ತುಗಳು ದಾನಿಗೆ ತಲುಪಬೇಕು. ಸಂಸ್ಥೆಯ ಖರ್ಚಿಗೆಂದು ದಾನಿಯಿಂದ ಶೇ 15ರಷ್ಟು ಕೇಳುತ್ತಾರೆ, ಬೇಡವೆಂದರೆ ಒತ್ತಾಯವಿಲ್ಲ.

ಇದೆಲ್ಲ ಶುರುವಾದದ್ದು 2000ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ವಿಂಗ್ಸ್ ಅಕಾಡೆಮಿ ಎಂಬ ಸರ್ಕಾರಿ ಹೈಸ್ಕೂಲಿನಲ್ಲಿ ಚಾರ್ಲ್ಸ್ ಬೆಸ್ಟ್ ಇತಿಹಾಸದ ಮೇಷ್ಟ್ರು. ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ ಎಂಬ ಕಾದಂಬರಿಯನ್ನು ಮಕ್ಕಳಿಗೆ ಓದಿಸಬೇಕೆಂದರೆ ಪ್ರತಿಗಳಿಲ್ಲ. ನಸುಕಿನಲ್ಲೇ ಹೋಗಿ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದರು, ಸ್ವಂತ ದುಡ್ಡಿನಲ್ಲಿ. ಸ್ಟಾಫ್ ರೂಮಿನಲ್ಲಿ ಉಳಿದವರ ಗೋಳೂ ಇದೇ. ಕೊಡುವ ಮನಸ್ಸಿನವರು ಊರಲ್ಲಿ ಇದ್ದೇ ಇರುತ್ತಾರೆ, ತಮ್ಮ ದುಡ್ಡು ಎಲ್ಲಿ ಹೋಯಿತು ಅಂತ ಕಣ್ಣಾರೆ ಕಂಡರೆ ಕೊಟ್ಟಾರು ಎಂದುಕೊಂಡ ಬೆಸ್ಟ್, ಜಾಲತಾಣದ ಒಂದೊಂದು ಪುಟವನ್ನೂ ಪೆನ್ಸಿಲಿನಲ್ಲಿ ಬರೆದು, ಪೋಲೆಂಡಿನಿಂದ ಹೊಸದಾಗಿ ಬಂದಿದ್ದ ಪ್ರೋಗ್ರಾಮರ್ ಒಬ್ಬರಿಗೆ 2,000 ಡಾಲರ್ ಕೊಟ್ಟು ಕಟ್ಟಿಸಿದರು.

ಇನ್ನು ಮುಂದಿನದು ಪೇರ್ ಹಣ್ಣಿನ ಕಥೆ. ಇದನ್ನು ಓದಿದ ಮೇಲೆ ನನಗೆ ಬೇರೇನೂ ತಲೆಗೆ ಹತ್ತಲಿಲ್ಲ. ತಾಣವೇನೋ ಸಿದ್ಧವಾಯಿತು, ಕೋರಿಕೆ ಹಾಕುವವರು ಯಾರು? ಸಹೋದ್ಯೋಗಿಗಳಿಗೆ ನಂಬಿಕೆಯಿಲ್ಲ, ಪುರುಸೊತ್ತೂ ಇಲ್ಲ. ಬೆಸ್ಟ್ ಅವರ ತಾಯಿ ಪೇರ್ ಹಣ್ಣನ್ನು ಒಲೆಯಲ್ಲಿ ಸುಟ್ಟು ಮಾಡುವ ಒಂದು ಸಿಹಿ ತಿಂಡಿ ಪ್ರಸಿದ್ಧವಾಗಿತ್ತು. ಅದನ್ನು ಮಾಡಿಸಿ ಶಾಲೆಗೆ ಹೊತ್ತು ತಂದರು. ಎಲ್ಲರೂ ಕೈಹಾಕುವ ಹೊತ್ತಿಗೆ, ತಡೆಯಿರಿ, ತಿನ್ನುವುದಾದರೆ ಒಂದು ಷರತ್ತು, ತಿಂದವರು ಈ ತಾಣದಲ್ಲಿ ತಮಗೇನು ಬೇಕೋ ಬರೆಯಬೇಕು ಎಂದರು. ಹನ್ನೊಂದು ಮಂದಿ ಬರೆದರು. ಈಗ ಕೊಡುವವರು? ಒಂದಕ್ಕೆ ಹತ್ತಿರದ ಬಂಧು ಕೊಟ್ಟರು. ಉಳಿದ ಹತ್ತಕ್ಕೂ ಬೆಸ್ಟ್ ತಾವೇ ಹೆಸರು ಮುಚ್ಚಿಟ್ಟು ಕೊಟ್ಟರು. ಅಪ್ಪ ಅಮ್ಮನ ಮನೆಯಲ್ಲೇ ಇದ್ದುದರಿಂದ ಬಾಡಿಗೆಯ ಖರ್ಚಿರಲಿಲ್ಲ. ಕೇಳಿದರೆ ಕೊಡುವ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಇದ್ದಾರಂತೆ ಎಂಬ ಸುದ್ದಿ ಬ್ರಾಂಕ್ಸ್ ತುಂಬ ಹಬ್ಬಿತು, ಕೋರಿಕೆಗಳು ಬಂದು ಬಿದ್ದವು. ಆಗ ಕೈ ಹಿಡಿದವರು ಶಿಷ್ಯರು. ಶಾಲೆ ಬಿಟ್ಟ ಮೇಲೆ ಕೂತು ದೇಶದ 2,000 ಅಪರಿಚಿತರಿಗೆ ಕೈಬರಹದ ಪತ್ರ ಬರೆದರು. 30,000 ಡಾಲರ್ ಬಂತು.

ತನ್ನ ಹಣವನ್ನೇ ಬೇರೆಯವರದು ಎಂದು ತೋರಿಸಿದ್ದು ಸರಿಯೇ? ಅಕ್ಕನ ಮಗಳನ್ನು ಕೇಳಿದೆ. “ಸುಳ್ಳು ಹೇಳಿ ತನ್ನ ಜೇಬನ್ನೇ ಕತ್ತರಿಸಿಕೊಂಡವರನ್ನ ಏನಂತೀರಿ?” ಅಂದಳು. ನನಗೂ ಕೋಪ ಬರಲಿಲ್ಲ. ಇಂಥ ಸಂಸ್ಥೆಗಳ ಬಗ್ಗೆ ಭಾಷಣ ಮಾಡುವವರು ತಂತ್ರಜ್ಞಾನ, ದತ್ತಾಂಶ ಎಂದೆಲ್ಲ ಹೊಗಳುತ್ತಾರೆ. 2014ರಲ್ಲಿ ‘ಕೆಡಿಡಿ ಕಪ್’ ಎಂಬ ದತ್ತಾಂಶ ಸ್ಪರ್ಧೆಗೂ ಈ ತಾಣದ ಕೋರಿಕೆಗಳೇ ವಸ್ತುವಾದವು. ಯಾವ ಕೋರಿಕೆ ಜನರನ್ನು ಹೆಚ್ಚು ಹಿಡಿಯುತ್ತದೆ ಎಂದು ಕಂಪ್ಯೂಟರಿನಿಂದ ಊಹಿಸುವ ಪಂದ್ಯ ಅದು. ಇರಲಿ. ನನ್ನ ಲೆಕ್ಕದಲ್ಲಿ ಈ ಸಂಸ್ಥೆ ನಿಂತದ್ದು ಪೇರ್ ಹಣ್ಣಿನ ಮೇಲೆ. ಆ ತಿಂಡಿಗೆ ಏಲಕ್ಕಿ ಹಾಕುತ್ತಿದ್ದರೋ ಇಲ್ಲವೋ ಎಂದು ತಿಳಿಯುವ ಆಸೆ ನನಗೆ ಇನ್ನೂ ಹೋಗಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ಓಪ್ರಾ ವಿನ್‌ಫ್ರೇ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಈ ತಾಣದ ಹೆಸರೆತ್ತಿದರು, ನೋಡಬಂದವರ ನೂಕುನುಗ್ಗಲಿಗೆ ತಾಣವೇ ಕುಸಿದುಬಿತ್ತು. 2007ರಲ್ಲಿ ಇಡೀ ಅಮೆರಿಕಕ್ಕೆ ತೆರೆದುಕೊಂಡಿತು. 2015ರಲ್ಲಿ ಟಿವಿಯ ನಗೆಗಾರ ಸ್ಟೀಫನ್ ಕೋಲ್ಬರ್ಟ್ ತಮ್ಮ ಹಳೆಯ ಕಾರ್ಯಕ್ರಮದ ಸೆಟ್ ಹರಾಜು ಹಾಕಿ, ಅದಕ್ಕೆ ಇತರರ ಹಣವನ್ನೂ ಸೇರಿಸಿ, ತವರು ರಾಜ್ಯ ಸೌತ್ ಕೆರೊಲಿನಾದ ಶಿಕ್ಷಕರ ಬಾಕಿ ಕೋರಿಕೆಗಳನ್ನೆಲ್ಲ ತೀರಿಸಿದರು. ಒಟ್ಟು 8 ಲಕ್ಷ ಡಾಲರ್. 2018ರಲ್ಲಿ ರಿಪಲ್ ಎಂಬ ಕ್ರಿಪ್ಟೋ ಕಂಪನಿ ಒಂದೇ ಏಟಿಗೆ 2.9 ಕೋಟಿ ಡಾಲರ್ ಕೊಟ್ಟು, ಅಂದು ತಾಣದಲ್ಲಿದ್ದ ಸುಮಾರು 35,000 ಕೋರಿಕೆಗಳನ್ನೂ ಪೂರೈಸಿತು.

ಕಥೆ ಚೆಂದ. ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಜಗತ್ತಿನ ಅತಿ ಶ್ರೀಮಂತ ದೇಶದ ಮೇಷ್ಟ್ರು ಪೆನ್ಸಿಲ್ಲಿಗೆ ಯಾಕೆ ಕೈ ಚಾಚಬೇಕು? ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ದೊಡ್ಡ ಬಂಗಲೆಗಳ ಊರಿಗೆ ದೊಡ್ಡ ಶಾಲೆ, ಬಾಡಿಗೆ ಮನೆಗಳ ಕೇರಿಗೆ ಬಡಕಲು ಶಾಲೆ. ಅಲ್ಲಿನ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ 2014–15ರಲ್ಲಿ ಸರ್ಕಾರಿ ಶಾಲೆಯ ಶೇ 94ರಷ್ಟು ಶಿಕ್ಷಕರು ತರಗತಿಗೆಂದು ಸ್ವಂತ ಹಣ ಹಾಕಿದ್ದರು, ಸರಾಸರಿ 479 ಡಾಲರ್. ಇದಕ್ಕೆ ಆದಾಯ ತೆರಿಗೆಯಲ್ಲಿ ಕಳೆಯಲು 2025ರವರೆಗೆ ಬಿಡುತ್ತಿದ್ದುದು ಹೆಚ್ಚೆಂದರೆ 300 ಡಾಲರ್. 2021ರ ಡಿಸೆಂಬರಿನಲ್ಲಿ ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿ ಐಸ್ ಹಾಕಿ ಪಂದ್ಯದ ನಡುವೆ ಮೈದಾನದಲ್ಲಿ ಒಂದೊಂದು ಡಾಲರಿನ 5,000 ನೋಟು ಸುರಿದು, ಹತ್ತು ಮಂದಿ ಶಿಕ್ಷಕರನ್ನು ಬಿಟ್ಟು, ಬಾಚಿಕೊಂಡಷ್ಟು ನಿಮ್ಮ ತರಗತಿಗೆ ಎಂದರು. ಮಂಡಿಯೂರಿ ನೋಟನ್ನು ಅಂಗಿಯೊಳಗೆ ತುರುಕಿಕೊಳ್ಳುವ ಗುರುಗಳನ್ನು ನೋಡಿ ಗ್ಯಾಲರಿ ಕೇಕೆ ಹಾಕಿತು. ವಿಡಿಯೊ ಹಬ್ಬಿ ಛೀಮಾರಿಯಾದ ಮೇಲೆ ಸಂಘಟಕರು ಕ್ಷಮೆ ಕೇಳಿದರು. ಆನ್‌ಲೈನ್ ಕೋರಿಕೆಯಲ್ಲಿ ಕನಿಷ್ಠ ಮಂಡಿಯೂರಬೇಕಿಲ್ಲ ಎನ್ನುವುದೇ ನನ್ನ ಸಮಾಧಾನ.

ನಮ್ಮಲ್ಲಿ ಶಾಲೆಗೆ ಕೊಡುವುದು ಹೊಸತಲ್ಲ. ಯಾವ ಸರ್ಕಾರಿ ಶಾಲೆಗೆ ಹೋಗಿ ತಲೆಯೆತ್ತಿ ನೋಡಿ, ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಅವರ ತಂದೆಯ ಹೆಸರು, ‘ಇವರ ಜ್ಞಾಪಕಾರ್ಥ’. ಫ್ಯಾನ್ ತಿರುಗಿದರೆ ಓದಲಾಗದು, ನಿಂತರೆ ಸೆಕೆ. ತಟ್ಟೆ, ಲೋಟ, ಬೀರು, ಧ್ವಜಸ್ತಂಭ, ಎಲ್ಲಕ್ಕೂ ದಾನಿಗಳಿದ್ದಾರೆ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ಅನುದಾನದ ಮಾನದಂಡದಂತೆ ನೂರರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಸಿಗುವುದು ಹೆಚ್ಚೆಂದರೆ 25 ಸಾವಿರ ರೂಪಾಯಿ. ಅದರಲ್ಲೇ ಸೀಮೆಸುಣ್ಣದಿಂದ ಶೌಚಾಲಯದ ಫಿನಾಯಿಲ್‌ವರೆಗೆ. ಹಾಗಾಗಿ ಚಿಕ್ಕ ತರಗತಿಗಳ ನಲಿ-ಕಲಿ ಟೀಚರ್ ಬಣ್ಣದ ಕಾಗದಕ್ಕೆ ತಮ್ಮ ಪರ್ಸನ್ನೇ ಬಿಚ್ಚುತ್ತಾರೆ, ಇಲ್ಲವೇ ಹಳೆ ವಿದ್ಯಾರ್ಥಿಗಳ ವಾಟ್ಸ್‌ಆಪ್ ಗ್ರೂಪಿಗೆ ಫೋನ್‌ಪೇ ನಂಬರ್ ಹಾಕುತ್ತಾರೆ.

ಅಲ್ಲೇ ತೊಡಕು. ದುಡ್ಡು ಮೇಷ್ಟ್ರ ಸ್ವಂತ ಖಾತೆಗೆ ಬಿದ್ದ ಕ್ಷಣದಿಂದ ಊರಿನ ಕಣ್ಣು ಅವರ ಹೊಸ ಬೈಕಿನ ಮೇಲೆ. ಪ್ರಾಮಾಣಿಕರೇ ಮೊದಲು ಹಿಂದೆ ಸರಿಯುತ್ತಾರೆ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಹೊರಡಿಸಿದ ಸುತ್ತೋಲೆ ಎಷ್ಟು ಗದ್ದಲ ಎಬ್ಬಿಸಿತು, ಎಷ್ಟು ಬೇಗ ವಾಪಸಾಯಿತು ನೆನಪಿದೆಯಲ್ಲ.

ಕಾಸು ಕೈ ಮುಟ್ಟದ ದಾರಿಯೊಂದು ನಮ್ಮಲ್ಲೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್‌ನ ಈಗಿನ ರೂಪಕ್ಕೆ ಚಾಲನೆ ಸಿಕ್ಕಿದ್ದು 2021ರ ಸೆಪ್ಟೆಂಬರ್ 7ರಂದು. ಶಾಲೆ ತನ್ನ ಡೈಸ್ ಕೋಡ್ (ಪ್ರತಿ ಶಾಲೆಗೂ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ) ಹಾಕಿ ನೋಂದಾಯಿಸಿಕೊಂಡು ಏನು ಬೇಕೋ ಪಟ್ಟಿ ಮಾಡಬೇಕು. ಕೊಡುವವರು ಸಾಮಾನನ್ನೋ ಸೇವೆಯನ್ನೋ ಕೊಡುತ್ತಾರೆ, ನಗದಿನ ವ್ಯವಹಾರವಿಲ್ಲ. ಡೋನರ್ಸ್‌ಚೂಸ್‌ನ ಅರ್ಧ ಜಾಣತನ ಇದರಲ್ಲಿ ಬಂದಿದೆ. ಇನ್ನರ್ಧ ಬಂದಿಲ್ಲ. ಇಲ್ಲಿ ಕೇಳುವುದು ಶಾಲೆ, ಅಂದರೆ ಮುಖ್ಯ ಶಿಕ್ಷಕರ ಲಾಗಿನ್. ಎರಡನೇ ತರಗತಿಯ ಟೀಚರಿಗೆ ತನ್ನ ಮಕ್ಕಳ ಬಗ್ಗೆ ನಾಲ್ಕು ಸಾಲು ಬರೆಯುವ ಜಾಗವಿಲ್ಲ. ‘ಕುರ್ಚಿ – 20’ ಎಂಬ ಸಾಲು ಓದಿ ಓಹಿಯೋದ ಅಜ್ಜಿ ಯಾಕೆ ಕರಗಿಯಾಳು? ಸಚಿವಾಲಯ ಒಂದು ಸಣ್ಣ ಬದಲಾವಣೆ ಮಾಡಿ ತರಗತಿ ಶಿಕ್ಷಕರಿಗೂ ಬರೆಯಲು ಬಿಡಲಿ. ಬೆಂಚು, ಶೌಚಾಲಯ, ಕೊಠಡಿ ಮಾತ್ರ ಆ ಪಟ್ಟಿಯಲ್ಲಿ ಬೇಡ. ಅದು ಸರ್ಕಾರದ ಹೊಣೆ, ಅಜ್ಜಿಯದಲ್ಲ.

ಮಿಲಾಪ್, ಕೆಟ್ಟೋದಂಥ ಖಾಸಗಿ ವೇದಿಕೆಗಳೂ ಇವೆ, ಆದರೆ ಅಲ್ಲಿ ನಡೆಯುವುದು ಹಣದ ವ್ಯವಹಾರ. ಹೋಗುವ ಶಿಕ್ಷಕರು ಮೊದಲು ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಲಿಖಿತ ಒಪ್ಪಿಗೆ ಪಡೆಯಲಿ. ಹಣ ಸ್ವಂತ ಖಾತೆಗೆ ಬಾರದಿರಲಿ, ಬಿಲ್ಲು ದಾನಿಗಳ ವಾಟ್ಸ್‌ಆಪ್ ಗ್ರೂಪಿಗೆ ಹೋಗಲಿ, ಸಾಮಾನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಏರಲಿ. ಕೇಳುವುದನ್ನು ಚಿಕ್ಕದಾಗಿ ಕೇಳಲಿ, ಐದು ಸಾವಿರದ ಪುಸ್ತಕದ ಕೋರಿಕೆ ಐವತ್ತು ಸಾವಿರದ ಸ್ಮಾರ್ಟ್ ಬೋರ್ಡಿಗಿಂತ ಬೇಗ ತುಂಬುತ್ತದೆ. ಅಮೆರಿಕದ ಬಂಧುಗಳಿಂದ ತರಿಸುವವರಿಗೆ ಒಂದು ಎಚ್ಚರಿಕೆ: ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ; ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ, ಟ್ರಸ್ಟ್‌ಗಳು ಅದನ್ನು ಮುಟ್ಟುವಂತಿಲ್ಲ.

ನೀವು ಓದಿದ ಶಾಲೆಗೂ ಹನ್ನೊಂದು ಅಂಕಿಯ ಡೈಸ್ ಕೋಡ್ ಇದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಈ ಭಾನುವಾರ ವಿದ್ಯಾಂಜಲಿಯಲ್ಲಿ ಅದನ್ನು ಹುಡುಕಿ ನೋಡಿ. ಪಟ್ಟಿಯಿದ್ದರೆ ಒಂದು ಸಾಮಾನು ಕೊಡಿಸಿ. ಪಟ್ಟಿ ಖಾಲಿಯಿದ್ದರೆ ಸೋಮವಾರ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಏನು ಬೇಕು ಎಂದು ತರಗತಿಯ ಟೀಚರನ್ನೇ ಕೇಳಿ ಹಾಕಿಸಿ ಎನ್ನಿ.