ಕರೆಯದೆ ಬರುವ ಕರೆಗಳು

ದ್ವಿತೀಯ ಪಿಯುಸಿ ಮುಗಿಸಿದ ಮಗನೋ ಮಗಳೋ ಇರುವ ಮನೆಯಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಫೋನಿಗೆ ಬಿಡುವಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಮೊದಲ ಕರೆ. ‘ಮೇಡಂ, ನಿಮ್ಮ ಮಗಳು ಈ ಸಲ ಸೈನ್ಸ್ ಮುಗಿಸಿದಳಲ್ಲವೆ? ಮುಂದೆ ಏನು ಓದಿಸಬೇಕು ಅಂತಿದ್ದೀರಿ?’ ದನಿಯಲ್ಲಿ ಸ್ವಂತ ಸೋದರಮಾವನ ಅಕ್ಕರೆ. ಹತ್ತು ನಿಮಿಷ ಕಳೆದರೆ ಇನ್ನೊಂದು ಊರಿನ ಇನ್ನೊಬ್ಬ ಸೋದರಮಾವ. ಮಧ್ಯಾಹ್ನಕ್ಕೆ ‘ಇನ್ನು ಮೂರೇ ಸೀಟು ಉಳಿದಿವೆ, ಇವತ್ತೇ ಕೊನೆಯ ದಿನ’ ಎಂಬ ಕಿರುಸಂದೇಶ. ಆ ಮೂರು ಸೀಟು ಮರುದಿನವೂ ಮೂರೇ ಇರುತ್ತವೆ, ಮರುವಾರವೂ ಮೂರೇ.

ತಾಳ್ಮೆ ಕಳೆದುಕೊಂಡ ತಂದೆ ಒಂದು ದಿನ ಫೋನಿನ ಬಾಯಿ ಮುಚ್ಚಿಸುತ್ತಾರೆ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಗಂಟೆಯೇ ಬಾರಿಸದಂತೆ ಮಗ ಏರ್ಪಾಡು ಮಾಡಿಕೊಡುತ್ತಾನೆ. ಮನೆ ತಣ್ಣಗಾಗುತ್ತದೆ. ಆದರೆ ‘ನಾಳೆ ಹನ್ನೊಂದು ಗಂಟೆಯೊಳಗೆ ಮೂಲ ಅಂಕಪಟ್ಟಿ ತನ್ನಿ’ ಎಂದು ಹೇಳಲು ಕಾಲೇಜು ಕಚೇರಿಯ ಗುಮಾಸ್ತರು ಮಾಡಿದ ಕರೆಯೂ ಗುರುತಿಲ್ಲದ ನಂಬರಿನದೇ. ಗಂಟೆ ಬಾರಿಸದ ಆ ಒಂದು ಕರೆ ಸಂಜೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಮನೆ ಹುಬ್ಬಳ್ಳಿಯಲ್ಲೂ ಇದ್ದೀತು, ಹಾಸನದಲ್ಲೂ ಇದ್ದೀತು. ಮೊಬೈಲ್ ಜಾಹೀರಾತಿನ ಕಾಟವನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನ ಒಟಿಪಿ, ಪರೀಕ್ಷಾ ಪ್ರಾಧಿಕಾರದ ಸೂಚನೆ, ವಿದ್ಯಾರ್ಥಿವೇತನದ ಸುದ್ದಿ ಎಲ್ಲವೂ ಬರುವುದು ಇದೇ ಬಾಗಿಲಿನಿಂದ. ಬಾಗಿಲಿಗೆ ಬೀಗ ಜಡಿದು ಕೂರುವಂತಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎಂಬುದನ್ನು ಮನೆಯವರೇ ಕಲಿಯಬೇಕು. ಅದಕ್ಕೆ ಬೇಕಾದ ಕೆಲವು ಅಧಿಕಾರಗಳು ಈಗಾಗಲೇ ನಮ್ಮ ಕೈಯಲ್ಲಿವೆ. ಬಳಸುವವರು ಮಾತ್ರ ಕಡಿಮೆ.

ನಂಬರು ಹೋದದ್ದು ಎಲ್ಲಿಂದ?

‘ನಮ್ಮ ನಂಬರು ಇವರಿಗೆ ಕೊಟ್ಟವರು ಯಾರು?’ ಎಂದು ಮನೆಯವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಬಹಳಷ್ಟು ಸಲ ಕೊಟ್ಟವರು ಆ ಮನೆಯವರೇ ಆಗಿರುತ್ತಾರೆ. ಶಿಕ್ಷಣ ಮೇಳದ ಮಳಿಗೆಯಲ್ಲಿ ಪೆನ್ನು, ಚೀಲ ಕೊಟ್ಟು ತುಂಬಿಸಿಕೊಂಡ ಚೀಟಿ. ಉಚಿತ ಅಣಕು ಪರೀಕ್ಷೆಗೆ ಹೆಸರು ನೋಂದಣಿ. ‘ನಿಮ್ಮ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ, ಈಗಲೇ ತಿಳಿಯಿರಿ’ ಎನ್ನುವ ಜಾಲತಾಣ. ಬಟ್ಟೆ ಅಂಗಡಿಯ ಬಿಲ್ಲಿನ ಮೇಜು. ಹಾಗೆ ಕೊಟ್ಟ ನಂಬರಿನ ಜೊತೆ ಹೆಸರು, ಊರು, ತರಗತಿ, ಕೆಲವೊಮ್ಮೆ ನಿರೀಕ್ಷಿತ ಅಂಕಗಳೂ ಹೋಗಿರುತ್ತವೆ. ಒಂದು ಪಟ್ಟಿಗೆ ಸೇರಿದ ಹೆಸರು ಇನ್ನೊಂದಕ್ಕೆ ದಾಟಲು ತಡವಾಗದು.

ಅರ್ಜಿಯ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದೆ: ನಮ್ಮಿಂದಲೂ ನಮ್ಮ ಸಹಭಾಗಿಗಳಿಂದಲೂ ಕರೆ, ಸಂದೇಶ ಸ್ವೀಕರಿಸಲು ಒಪ್ಪಿದ್ದೇನೆ ಎಂಬ ಅರ್ಥದ್ದು. ಪಕ್ಕದ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಆ ಚೌಕ ಸಣ್ಣ ವಿಷಯವಲ್ಲ. ಏಕೆಂದರೆ ‘ಜಾಹೀರಾತು ಬೇಡ’ ಎಂದು ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿದ್ದರೂ, ಗ್ರಾಹಕರು ತಾವಾಗಿ ಒಪ್ಪಿಗೆ ಕೊಟ್ಟ ಸಂಸ್ಥೆಗೆ ಆ ತಡೆ ಅನ್ವಯಿಸುವುದಿಲ್ಲ. ‘ಡಿಎನ್‌ಡಿ ಹಾಕಿಸಿದರೂ ಮೆಸೇಜು ನಿಲ್ಲಲಿಲ್ಲ’ ಎಂಬ ದೂರಿಗೆ ಅನೇಕ ಸಲ ಕಾರಣ ಇದೇ.

ಹಾವು ಏಣಿ ಆಟ

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ಕೇಂದ್ರದ ಸಂಪರ್ಕ ಸಚಿವ ಸುಖರಾಮ್ ಅವರಿಗೆ. ಆಗ ಬರುವ ಕರೆಗೂ ದುಡ್ಡು ತೆರಬೇಕಿತ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಹೊರಹೋಗುವ ಕರೆಯ ದರವೂ ಇಳಿಯುತ್ತ ಹೋಯಿತು. ಜನಕ್ಕೆ ಆದ ಈ ಅನುಕೂಲ ಮಾರಾಟಗಾರರಿಗೂ ಆಯಿತು. ಸಾವಿರ ಜನರಿಗೆ ಕರೆ ಮಾಡಿ ಒಬ್ಬ ಗಿರಾಕಿ ಸಿಕ್ಕರೂ ಗಿಟ್ಟುವ ಕಾಲ ಬಂತು.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲಿ ‘ಕರೆ ಮಾಡಬೇಡಿ’ ಎಂದು ಹೇಳಬಯಸುವವರ ರಾಷ್ಟ್ರೀಯ ಪಟ್ಟಿಯೊಂದನ್ನು ತಂದಿತು. ಅದು ಹೆಚ್ಚು ಫಲ ಕೊಡಲಿಲ್ಲ. 2010ರಲ್ಲಿ ಹೊಸ ನಿಯಮಾವಳಿ ರೂಪುಗೊಂಡು 2011ರ ಸೆಪ್ಟೆಂಬರ್ 27ರಂದು ಪೂರ್ಣವಾಗಿ ಜಾರಿಯಾಯಿತು. ಇಂದಿನ ಪೋಷಕರಲ್ಲಿ ಆಗ ಕಾಲೇಜಿನಲ್ಲಿದ್ದವರಿಗೆ ಆ ದಿನ ನೆನಪಿದ್ದೀತು. ಜಾಹೀರಾತುದಾರರು ಮಾಮೂಲಿ ಸಿಮ್‌ಗಳಿಂದ ರಾಶಿಗಟ್ಟಲೆ ಸಂದೇಶ ಕಳಿಸಬಾರದೆಂದು ಒಂದು ಸಿಮ್‌ಗೆ ದಿನಕ್ಕೆ ನೂರೇ ಎಸ್ಸೆಮ್ಮೆಸ್ ಎಂಬ ಮಿತಿ ಬಂದಿತ್ತು. ಬಳಿಕ ಅದು ಇನ್ನೂರಾಯಿತು. ವೈಯಕ್ತಿಕ ಸಂದೇಶಗಳಿಗೆ ಇಂಥ ಮಿತಿ ಸಲ್ಲದೆಂದು 2012ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮೂಗಿನ ಮೇಲೆ ಕೂತ ನೊಣ ಓಡಿಸಲು ಮೂಗಿಗೇ ಪಟ್ಟಿ ಕಟ್ಟಿದಂತಿತ್ತು ಆ ಉಪಾಯ.

2018ರ ನಿಯಮಗಳು ದಾರಿ ಬದಲಿಸಿದವು. ಸಂದೇಶ ಕಳಿಸುವ ಸಂಸ್ಥೆ, ಅದು ಬಳಸುವ ಹೆಸರು, ಸಂದೇಶದ ಮಾದರಿ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು, ಅದರ ದಾಖಲೆಯನ್ನು ದೂರವಾಣಿ ಕಂಪೆನಿಗಳು ಹಂಚಿಕೊಂಡ ಜಾಲದಲ್ಲಿ ಇಡಬೇಕು ಎಂದಾಯಿತು. ನೋಂದಣಿ ಇಲ್ಲದೆ ಕರೆ ಮಾಡುವವರ ಸಂಪರ್ಕ ಕಡಿಯಿರಿ ಎಂದು 2024ರ ಆಗಸ್ಟ್‌ನಲ್ಲಿ ಟ್ರಾಯ್ ಆದೇಶಿಸಿತು. ಸೆಪ್ಟೆಂಬರ್ ಆರಂಭದ ಹೊತ್ತಿಗೆ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿತಗೊಂಡಿದ್ದವು. ಒಂದು ಕಡೆ ಏಣಿ ಹತ್ತಿದರೆ ಇನ್ನೊಂದು ಕಡೆ ಹಾವು ಇದ್ದೇ ಇರುತ್ತದೆ. ಅದೇ ಜನ ಬೇರೆ ಸಿಮ್ ಹಿಡಿದು ಬರುತ್ತಾರೆ.

ಹೆಸರಿನ ತಲೆ, ಹೆಸರಿನ ಬಾಲ

ಸಂಸ್ಥೆಯಿಂದ ಬರುವ ಕಿರುಸಂದೇಶದ ಮೇಲ್ಭಾಗದಲ್ಲಿ ನಂಬರಿನ ಬದಲು ಕೆಲವು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೊದಲ ಅಕ್ಷರ ಸಂದೇಶ ಹೊರಟ ದೂರವಾಣಿ ಕಂಪೆನಿಯದು: ‘ಎ’ ಆದರೆ ಏರ್‌ಟೆಲ್, ‘ಜೆ’ ಆದರೆ ಜಿಯೋ. ಎರಡನೆಯದು ವಲಯದ್ದು, ಕರ್ನಾಟಕಕ್ಕೆ ‘ಎಕ್ಸ್’. ನಂತರ ಬರುವುದು ಸಂಸ್ಥೆಯ ಹೆಸರಿನ ಸಂಕ್ಷಿಪ್ತ ರೂಪ. 2025ರ ತಿದ್ದುಪಡಿಯಿಂದಾಗಿ ಕೊನೆಗೆ ಒಂದು ಬಾಲವೂ ಸೇರಿದೆ. ‘ಪಿ’ ಇದ್ದರೆ ಪ್ರಚಾರ, ಎಂದರೆ ಜಾಹೀರಾತು. ‘ಎಸ್’ ಇದ್ದರೆ ಸೇವೆಗೆ ಸಂಬಂಧಿಸಿದ್ದು, ‘ಟಿ’ ಇದ್ದರೆ ವಹಿವಾಟಿನದು, ‘ಜಿ’ ಇದ್ದರೆ ಸರ್ಕಾರದ್ದು. ಮನೆಯಲ್ಲಿ ಅಜ್ಜ ಅಜ್ಜಿಗೂ ಇದನ್ನು ಐದು ನಿಮಿಷದಲ್ಲಿ ಹೇಳಿಕೊಡಬಹುದು. ಆ ಕೆಲಸ ಮೊಮ್ಮಕ್ಕಳದು.

ಕರೆಗಳಿಗೂ ಇಂಥ ಗುರುತಿದೆ. ನೋಂದಾಯಿತ ಸಂಸ್ಥೆಗಳ ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಸೇವೆ ಹಾಗೂ ವಹಿವಾಟಿನ ಕರೆಗಳಿಗೆ 1600 ಎಂದು ಶುರುವಾಗುವ ಸರಣಿ. ಮಾಮೂಲಿ ಹತ್ತಂಕಿಯ ಮೊಬೈಲಿನಿಂದ ಕೋರ್ಸು ಮಾರುವ ಆ ‘ಸೋದರಮಾವ’ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥನೇ.

1909ರ ಕೀಲಿಕೈ

ಬೇಡ ಎಂದು ಹೇಳುವ ನಂಬರು 1909. ಅದಕ್ಕೆ ಕರೆ ಮಾಡಬಹುದು, ಟ್ರಾಯ್‌ನ ಡಿಎನ್‌ಡಿ ಆ್ಯಪ್ ಬಳಸಬಹುದು. ಇಂಗ್ಲಿಷ್‌ನಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಸಂದೇಶ ಕಳಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಸೊನ್ನೆ ಎಂದರೆ ಎಲ್ಲ ಜಾಹೀರಾತುಗಳೂ ಬೇಡ ಎಂದರ್ಥ. ಎಲ್ಲವನ್ನೂ ಒಟ್ಟಿಗೆ ತಡೆಯಲೇಬೇಕೆಂದೇನೂ ಇಲ್ಲ. ಬ್ಯಾಂಕು ವಿಮೆ, ನಿವೇಶನ, ಶಿಕ್ಷಣ, ಆರೋಗ್ಯ, ಪ್ರವಾಸ ಹೀಗೆ ವರ್ಗಗಳಿವೆ. ಶಿಕ್ಷಣ ಮೂರನೆಯದು. ಮಗಳ ಕೋರ್ಸು ನಿಶ್ಚಯವಾದ ಮನೆಯವರು ಅದೊಂದನ್ನೇ ಮುಚ್ಚಬಹುದು. ಹೀಗೆ ತಡೆ ಹಾಕಿದರೆ ಒಟಿಪಿ ನಿಂತುಹೋದೀತೆಂಬ ಭಯ ಕೆಲವರಿಗಿದೆ. ಅದು ಸುಳ್ಳು. ವಹಿವಾಟಿನ ಮತ್ತು ಸೇವೆಯ ಸಂದೇಶಗಳಿಗೆ ಈ ತಡೆ ಇಲ್ಲ.

ಆದರೂ ಬಂದರೆ ದೂರು ಕೊಡಬೇಕು. ಹಿಂದೆ ಮೂರು ದಿನಗಳೊಳಗೆ ಕೊಡಬೇಕಿತ್ತು; 2025ರಿಂದ ಏಳು ದಿನಗಳ ಅವಕಾಶವಿದೆ. ಬಂದ ಸಂದೇಶ ಅಥವಾ ಕರೆಯ ಸಾರಾಂಶ, ಕಳಿಸಿದವರ ನಂಬರು, ದಿನಾಂಕ, ಇಷ್ಟನ್ನು 1909ಕ್ಕೆ ಕಳಿಸಿದರೆ ಸಾಕು. ನೋಂದಣಿ ಇಲ್ಲದ ಮಾಮೂಲಿ ನಂಬರಿನಿಂದ ಕಾಟ ಬಂದಿದ್ದರೆ, ದೂರುವವರು ಮೊದಲೇ ಡಿಎನ್‌ಡಿ ಪಟ್ಟಿಯಲ್ಲಿರಬೇಕೆಂಬ ಷರತ್ತೂ ಈಗಿಲ್ಲ. ಹತ್ತು ದಿನಗಳಲ್ಲಿ ಐದು ದೂರು ಬಿದ್ದರೆ ಅಂಥ ನಂಬರಿನ ಮೇಲೆ ಕ್ರಮ ಶುರುವಾಗುತ್ತದೆ. ಐದು ಎಂಬ ಅಂಕಿಯನ್ನು ಗಮನಿಸಿ. ಒಂದು ಹಾಸ್ಟೆಲಿನ ಒಂದೇ ಕೊಠಡಿಯ ಹುಡುಗರು ಮನಸ್ಸು ಮಾಡಿದರೂ ಸಾಲುತ್ತದೆ.

ಇಲ್ಲಿ ಒಂದು ಮಿತಿ ಹೇಳಲೇಬೇಕು. 1909ರ ಅಧಿಕಾರ ಕರೆಗಳು ಮತ್ತು ಎಸ್ಸೆಮ್ಮೆಸ್‌ಗಳಿಗೆ ಮಾತ್ರ. ವಾಟ್ಸಾಪಿಗೆ ಬರುವ ಜಾಹೀರಾತನ್ನು ಅಲ್ಲಿಯೇ, ಕಳಿಸಿದವರನ್ನು ತಡೆದು ವರದಿ ಮಾಡಿಯೇ ನಿಭಾಯಿಸಬೇಕು. ಜಾಹೀರಾತಿನ ವೇಷದಲ್ಲಿ ಮೋಸದ ವಾಸನೆ ಹೊಡೆದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ‘ಚಕ್ಷು’ ಎಂಬ ವಿಭಾಗವಿದೆ. ದುಡ್ಡೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಫೋನಿನೊಳಗಿನ ಸಂತೆ

ಇಷ್ಟೆಲ್ಲ ಹೊರಗಿನಿಂದ ಬರುವವರ ಮಾತಾಯಿತು. ಒಳಗೇ ಕೂತವರ ಕಥೆ ಬೇರೆ. ಪಾಠದ ವಿಡಿಯೋ ನೋಡುತ್ತಿದ್ದಂತೆ ಇಡೀ ಪರದೆ ತುಂಬಿಕೊಂಡು ಜೂಜಿನಂಥ ಆಟದ ಜಾಹೀರಾತು ಎದ್ದುನಿಲ್ಲುತ್ತದೆ. ಮುಚ್ಚುವ ಗುರುತು ಎಳ್ಳುಕಾಳಿನಷ್ಟು. ಒತ್ತಹೋದ ಬೆರಳು ಜಾಹೀರಾತಿನ ಮೇಲೇ ಬೀಳುತ್ತದೆ, ಬೀಳಲೆಂದೇ ಹಾಗೆ ಮಾಡಿರುತ್ತಾರೆ.

ಉಚಿತ ಆ್ಯಪ್‌ನ ಬೆಲೆಯನ್ನು ತೋರಿಸಿಕೊಟ್ಟ ಹಳೆಯ ಪ್ರಕರಣವೊಂದು ಅಮೆರಿಕದ್ದು. ಫೋನಿನ ದೀಪವನ್ನು ಟಾರ್ಚಿನಂತೆ ಬಳಸಲು ನೆರವಾಗುವ ಒಂದು ಆ್ಯಪನ್ನು ಕೋಟಿಗಟ್ಟಲೆ ಜನ ಇಳಿಸಿಕೊಂಡಿದ್ದರು. ಟಾರ್ಚಿಗೆ ಬೇಕಾದದ್ದು ಬರೀ ದೀಪ. ಆದರೆ ಅದು ಬಳಕೆದಾರರು ಇರುವ ಸ್ಥಳವನ್ನೂ ಫೋನಿನ ಗುರುತನ್ನೂ ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು. ಷರತ್ತಿಗೆ ಒಪ್ಪುವಿರಾ ಇಲ್ಲವಾ ಎಂದು ಕೇಳುವ ಮೊದಲೇ ರವಾನೆ ಶುರುವಾಗಿರುತ್ತಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2013ರ ಡಿಸೆಂಬರ್‌ನಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಹೊಸ ಆ್ಯಪ್ ಹಾಕಿಕೊಳ್ಳುವಾಗ ‘ಈ ಕೆಲಸಕ್ಕೆ ಇದೆಲ್ಲ ಯಾಕೆ ಬೇಕು?’ ಎಂದು ಕೇಳಿಕೊಳ್ಳುವ ಅಭ್ಯಾಸಕ್ಕೆ ಆ ಟಾರ್ಚು ಒಳ್ಳೆಯ ಪಾಠ.

ಕಾರಣವಿಲ್ಲದೆ ಪರದೆ ತುಂಬುವ ಜಾಹೀರಾತಿನ ಮೂಲ ಹಿಡಿಯಲು ಸುಲಭದ ಉಪಾಯವಿದೆ. ಅದು ಕಾಣಿಸಿಕೊಂಡ ಕ್ಷಣದಲ್ಲೇ, ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ ತೋರಿಸುವ ಗುಂಡಿ ಒತ್ತಬೇಕು. ಎಲ್ಲಕ್ಕಿಂತ ಮುಂದೆ ಕಾಣುವ ಆ್ಯಪ್‌ನ ಮೇಲೆಯೇ ಮೊದಲ ಅನುಮಾನ. ಹೆಚ್ಚಾಗಿ ಅದು ಯಾವುದೋ ವಾಲ್‌ಪೇಪರ್, ಫೋನು ‘ಶುಚಿ’ ಮಾಡುವ ಸಾಧನ, ಇಲ್ಲವೇ ತಮ್ಮ ಹಾಕಿಕೊಂಡ ಆಟ. ತೆಗೆದುಹಾಕಿದರೆ ಕಾಟ ನಿಲ್ಲುತ್ತದೆ. ನಿಲ್ಲದಿದ್ದರೆ, ‘ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ’ ಅನುಮತಿ ಯಾವುದಕ್ಕೆಲ್ಲ ಹೋಗಿದೆಯೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಹಿಂತೆಗೆಯಬೇಕು.

ಸುದ್ದಿಯ ಹಾಗೆ ಮೇಲಿನಿಂದ ಇಳಿಯುವ ಚೀಟಿಗಳಲ್ಲಿ ಹಲವು, ಎಂದೋ ಯಾವುದೋ ತಾಣದಲ್ಲಿ ‘ಅಲೋ’ ಎಂದು ಒತ್ತಿದ್ದರ ಫಲ. ಬ್ರೌಸರಿನ ನೋಟಿಫಿಕೇಷನ್ ಪಟ್ಟಿ ತೆರೆದರೆ ಅವು ಸಾಲಾಗಿ ಕೂತಿರುತ್ತವೆ. 2022ರಲ್ಲಿ ಬಂದ ಆಂಡ್ರಾಯ್ಡ್ 13ರ ನಂತರ ಹೊಸ ಆ್ಯಪ್‌ಗಳು ಚೀಟಿ ಕಳಿಸುವ ಮೊದಲು ಅನುಮತಿ ಕೇಳಬೇಕು. ಕೇಳಿದಾಗ ಬೇಡವೆನ್ನಲು ಸಂಕೋಚ ಬೇಕಿಲ್ಲ.

ಬೂಟಿನ ಬೆಲೆ ಒಮ್ಮೆ ನೋಡಿದರೆ ವಾರವಿಡೀ ಬೂಟುಗಳೇ ಹಿಂಬಾಲಿಸುವುದೇಕೆ? ಆಂಡ್ರಾಯ್ಡ್ ಫೋನಿಗೆ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇದೆ. ಪುಟ ತೆರೆಯುವ ಆ ಅರೆಕ್ಷಣದಲ್ಲಿ ನಮ್ಮ ಕಣ್ಣಿನ ಮುಂದಿನ ಜಾಗ ಹರಾಜಾಗುತ್ತದೆ. ಬೆಲೆ ಕಟ್ಟಲು ಆ ಸಂಖ್ಯೆ ನೆರವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗದ ಜಾಹೀರಾತು ಪುಟದಲ್ಲಿ ಅದನ್ನು ಅಳಿಸಬಹುದು. ಐಫೋನಿನಲ್ಲಿ 2021ರ ಏಪ್ರಿಲ್‌ನಿಂದ, ಬೇರೆ ಆ್ಯಪ್ ಮತ್ತು ತಾಣಗಳಲ್ಲಿ ಹಿಂಬಾಲಿಸಲು ಆ್ಯಪ್‌ಗಳು ಅನುಮತಿ ಕೇಳಲೇಬೇಕು. ಇದರಿಂದ ಜಾಹೀರಾತು ಕಡಿಮೆಯಾಗುವುದಿಲ್ಲ, ಅಷ್ಟು ನಿಜ ಹೇಳಿಬಿಡಬೇಕು. ಬೂಟಿನ ಬದಲು ಹಪ್ಪಳ ಬಂದೀತು. ಆದರೆ ಹಿಂಬಾಲಿಸುವ ಹೆಜ್ಜೆಗಳು ಕಡಿಮೆಯಾಗುತ್ತವೆ.

ಹದಿನೆಂಟು ತುಂಬದವರಿಗೆ

2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅವರ ನಡವಳಿಕೆಯನ್ನು ಗಮನಿಸಿ ಗುರಿಯಿಟ್ಟ ಜಾಹೀರಾತು ತೋರಿಸುವುದಕ್ಕೆ ನಿಷೇಧ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ಕಂಪೆನಿಗಳು ತಯಾರಾಗಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಕೊಡಲಾಯಿತು. ‘ಮೂರೇ ಸೀಟು ಉಳಿದಿವೆ’ ಎಂಬಂಥ ಸುಳ್ಳು ಅವಸರಕ್ಕೂ ಹೆಸರು ಬಿದ್ದಿದೆ. ಗ್ರಾಹಕರನ್ನು ದಾರಿತಪ್ಪಿಸುವ ಹದಿಮೂರು ಬಗೆಯ ತಂತ್ರಗಳನ್ನು ನಿಷೇಧಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅದೂ ಒಂದು.

ಇನ್ನು ಆ ತಂದೆಯ ಫೋನಿನ ವಿಷಯ. ಗುರುತಿಲ್ಲದ ಕರೆಗಳ ಗಂಟೆ ನಿಲ್ಲಿಸಿದ ಏರ್ಪಾಡನ್ನು ಪ್ರವೇಶದ ತಿಂಗಳುಗಳಲ್ಲಾದರೂ ತೆಗೆದಿಡುವುದು ಲೇಸು. ಅರ್ಜಿ ಹಾಕಿದ ಕಾಲೇಜುಗಳ ಕಚೇರಿ ನಂಬರುಗಳನ್ನು ಹೆಸರು ಹಾಕಿ ಉಳಿಸಿಕೊಂಡರೆ ಪರದೆಯ ಮೇಲೆ ಹೆಸರೇ ಮೂಡುತ್ತದೆ. ಅನುಕೂಲವಿದ್ದವರು ಮೇಳಗಳ ಚೀಟಿಗೆ, ಅಂಗಡಿಯ ಬಿಲ್ಲಿಗೆ ಬರೆಯಲೆಂದೇ ಎರಡನೆಯ ಸಿಮ್ ಇಟ್ಟುಕೊಳ್ಳುತ್ತಾರೆ. ಪ್ರಾಧಿಕಾರಕ್ಕೆ, ಬ್ಯಾಂಕಿಗೆ ಕೊಟ್ಟ ನಂಬರು ಬೇರೆಲ್ಲೂ ಹೋಗುವುದಿಲ್ಲ. ಅದಾಗದಿದ್ದರೆ ಮೇಳದ ಮಳಿಗೆಯಲ್ಲಿ ಕರಪತ್ರ ಮಾತ್ರ ತೆಗೆದುಕೊಂಡು, ನಂಬರು ಬರೆಯುವ ಜಾಗ ಖಾಲಿ ಬಿಟ್ಟು ಬಂದರೂ ಆಯಿತು. ಪೆನ್ನು ಸಿಗಲಿಕ್ಕಿಲ್ಲ.