ಸುಣ್ಣಕಟ್ಟಿದ ಹುಳು: ಕೀಟವನ್ನು ಕೊಲ್ಲುವ ಬೂಷ್ಟಿನ ಪರಿಚಯ

ಹದಿನೈದು ವರ್ಷಗಳ ಹಿಂದೆ ನಾನು ಕೋಲಾರ ಜಿಲ್ಲೆಯ ಗ್ರಾಮೀಣ ಶಾಖೆಯೊಂದರಲ್ಲಿ ಕೃಷಿ ಸಾಲಗಳ ಹೊಣೆ ಹೊತ್ತಿದ್ದೆ. ಒಂದು ಚಳಿಗಾಲದ ಬೆಳಿಗ್ಗೆ ರೇಷ್ಮೆ ಬೆಳೆಗಾರರೊಬ್ಬರು ಬಂದು, “ಸಾರ್, ಹಣ್ಣಾಗೋ ಹೊತ್ತಿಗೆ ಹುಳ ಎಲ್ಲಾ ಸುಣ್ಣ ಕಟ್ಟಿಬಿಡ್ತು” ಎಂದರು. ಹೋಗಿ ನೋಡಿದರೆ ತಟ್ಟೆಗಳಲ್ಲಿ ಹುಳುಗಳು ಸೀಮೆಸುಣ್ಣದ ತುಂಡುಗಳಂತೆ ಬಿಳುಪಾಗಿ, ಗಟ್ಟಿಯಾಗಿ ಬಿದ್ದಿದ್ದವು. ವಾಣಿಜ್ಯ ಪದವೀಧರನಾದ ನಾನು ತಪಾಸಣಾ ವರದಿಯಲ್ಲಿ ‘ಪಾಲನೆಯಲ್ಲಿ ಅಲಕ್ಷ್ಯ’ ಎಂದು ಬರೆದೆ. ಆ ಎರಡು ಪದಗಳ ಅನ್ಯಾಯ ನನಗೆ ಅರಿವಾದದ್ದು ಈ ರೋಗದ ವಿಷಯ ಓದಿದ ಮೇಲೆ.

ಸುಣ್ಣಕಟ್ಟು ರೋಗಕ್ಕೆ ಕಾರಣ ಬ್ಯೂವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರ, ಅಂದರೆ ಒಂದು ಜಾತಿಯ ಬೂಷ್ಟು. ಇದನ್ನು 1835ರಲ್ಲಿ ತೋರಿಸಿಕೊಟ್ಟವರು ಇಟಲಿಯ ಅಗಸ್ಟೀನೋ ಬಾಸ್ಸಿ. ಶಿಲೀಂಧ್ರಕ್ಕೆ ಬಂದಿರುವುದೂ ಅವರ ಹೆಸರೇ. ರೇಷ್ಮೆಹುಳುವನ್ನು ಕೊಲ್ಲುವ ಬೂಷ್ಟು ಬೆಳೆ ತಿನ್ನುವ ಕೀಟವನ್ನೇಕೆ ಕೊಲ್ಲಬಾರದು? 1879ರಲ್ಲಿ ಮೆಚ್ನಿಕಾಫ್ ಅವರು ಮೆಟರೈಜಿಯಂ ಎಂಬ ಹಸಿರು ಬೂಷ್ಟನ್ನು ಗೋಧಿಯ ದುಂಬಿಗಳ ಮೇಲೆ ಪ್ರಯೋಗಿಸಿದರು. ಇಂದು ಕಾಫಿಯ ಕಾಯಿಕೊರಕದ ವಿರುದ್ಧ ಬ್ಯೂವೇರಿಯಾ ಬಳಕೆಯಲ್ಲಿದೆ.

ಈ ಬೂಷ್ಟು ಕೀಟದ ಹೊಟ್ಟೆಗೆ ಹೋಗಬೇಕಾಗಿಲ್ಲ. ಬೀಜಕವು ಮೈಗೆ ಅಂಟಿ, ತೇವವಿದ್ದರೆ ಮೊಳೆಯುತ್ತದೆ. ಕಿಣ್ವಗಳಿಂದ ಹೊರಕವಚವನ್ನು ಕರಗಿಸುತ್ತ, ಒತ್ತಡದಿಂದ ಭೇದಿಸುತ್ತ ಒಳನುಗ್ಗುತ್ತದೆ. ಕೀಟವೂ ಸುಮ್ಮನಿರುವುದಿಲ್ಲ. ಅದರ ರಕ್ತಕಣಗಳು ಶತ್ರುವನ್ನು ಸುತ್ತುವರಿದು ಕಪ್ಪು ವರ್ಣದ್ರವ್ಯದಲ್ಲಿ ಹೂಳಲೆತ್ನಿಸುತ್ತವೆ. ಕೆಲವು ಮಿಡತೆಗಳು ಬಿಸಿಲು ಕಾಯಿಸಿಕೊಂಡು ಮೈಶಾಖವನ್ನೇರಿಸಿ ಬೂಷ್ಟಿನ ಬೆಳವಣಿಗೆಯನ್ನು ತಡೆಯುವುದೂ ಉಂಟು.

ರಕ್ಷಣೆ ಸೋತರೆ ಲೂಟಿ ಆರಂಭ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಕೀಟದ ರಕ್ತದಲ್ಲಿರುವ ಟ್ರೆಹಲೋಸ್ ಎಂಬ ಸಕ್ಕರೆ ಚಾಲ್ತಿ ಖಾತೆ. ಕೊಬ್ಬಿನ ಅಂಗಾಂಶ ಠೇವಣಿ. ಬೂಷ್ಟು ಮೊದಲನೆಯದನ್ನು ಬರಿದು ಮಾಡಿ ಎರಡನೆಯದಕ್ಕೂ ಕೈಹಾಕುತ್ತದೆ. ಮೆಟರೈಜಿಯಂ ಸ್ರವಿಸುವ ಡೆಸ್ಟ್ರಕ್ಸಿನ್ ವಿಷದಿಂದ ಸ್ನಾಯುಗಳು ಸೆಟೆದು ಬಳಿಕ ಸೋಲುತ್ತವೆ. ಕೀಟ ಮೇವು ಬಿಡುತ್ತದೆ, ಮಂಕಾಗುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. ತೇವವಿದ್ದರೆ ಬೂಷ್ಟು ಶವವನ್ನು ಸೀಳಿ ಹೊರಬಂದು ಹೊಸ ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ಆ ಬೆಳೆಗಾರರ ತಟ್ಟೆಗಳಲ್ಲಿ ನಾನು ಕಂಡ ಸುಣ್ಣ ಅದೇ. ಕಣ್ಣಿಗೆ ಕಾಣದ ಬೀಜಕಗಳೂ ತಣ್ಣನೆಯ ತೇವದ ಹವೆಯೂ ಕೂಡಿದರೆ ಶ್ರದ್ಧಾವಂತರ ಹುಳುಮನೆಗೂ ಈ ವಿಪತ್ತು ತಪ್ಪಿದ್ದಲ್ಲ.

ನಗರವಾಸಿಗಳಾದ ನಮಗೂ ಇದರಿಂದ ಪಾಠವಿದೆ. ಬಾಲ್ಕನಿಯ ಕುಂಡಗಳಿಗೆಂದು ಇಂಥ ಬೂಷ್ಟಿನ ಪುಡಿಯನ್ನು ತಂದವರು ಸಂಜೆಯ ತಂಪಿನಲ್ಲಿ ಸಿಂಪಡಿಸಿ, ತಾಳ್ಮೆಯಿಂದ ಕಾಯಬೇಕು. ರಾಸಾಯನಿಕದಂತೆ ಇದು ಕೂಡಲೇ ಕೊಲ್ಲುವುದಿಲ್ಲ. ನಮ್ಮ ದೇಹದ ಶಾಖದಲ್ಲಿ ಇದು ಸಾಮಾನ್ಯವಾಗಿ ಬೆಳೆಯಲಾರದು. ಆದರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ರೋಗನಿರೋಧ ಶಕ್ತಿ ಕುಂದಿದವರು ಇದನ್ನು ಮುಟ್ಟದಿರುವುದೇ ಲೇಸು.

ಊರಿನ ಜಮೀನಿಗೆ ಕೊಂಡೊಯ್ಯುವ ಮುನ್ನ ಮಾತ್ರ ಅಕ್ಕಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದೆಯೇ ಎಂದು ಅವಶ್ಯವಾಗಿ ವಿಚಾರಿಸಿ. ನಮ್ಮ ಬೆಳೆಗೆ ಔಷಧವಾದದ್ದು ನೆರೆಯವರ ಹುಳುಮನೆಗೆ ಮೃತ್ಯುವಾದೀತು. ಅಂದು ಬರೆದ ವರದಿಯನ್ನು ನಾನಿಂದು ತಿದ್ದಲಾರೆ. ತಿಳಿದುದನ್ನು ನಾಲ್ಕು ಜನರಿಗೆ ತಿಳಿಸಬಲ್ಲೆ.